ನಲವತ್ತೈದಕ್ಕೆ ನಿಂತ ವಯಸ್ಸಿನ ಪಟ್ಟಿ

ಚುಕ್ಕೆ ಚುಕ್ಕೆ ಸಾಲು ಹೊಡೆದು ಫಾರ್ಮ್ ಮಾಡುವವರನ್ನು ಕಂಡರೆ ನನಗೆ ಆಗಿಬರುವುದಿಲ್ಲ. ಪೆನ್ನಿನಿಂದ ತುಂಬುವವರಿಗೆ ಅದು ಸರಿ. ಕಂಪ್ಯೂಟರಿನ ಮುಂದೆ ಕೂತು ತುಂಬಲು ಹೋದರೆ, ಆ ಚುಕ್ಕೆಗಳ ನಡುವೆ ಒಂದು ಅಕ್ಷರ ಒತ್ತಿದ ಕೂಡಲೇ ಉಳಿದ ಚುಕ್ಕೆಗಳೆಲ್ಲ ಗಾಬರಿಬಿದ್ದು ಕೆಳಗಿನ ಸಾಲಿಗೆ ಜಿಗಿಯುತ್ತವೆ. ಹೆಸರು ಬರೆಯುವಷ್ಟರಲ್ಲಿ ತಂದೆಯ ಹೆಸರಿನ ಜಾಗ ಕೆಳಗಿಳಿದಿರುತ್ತದೆ. ಊರು ಬರೆಯುವಷ್ಟರಲ್ಲಿ ಸಹಿ ಮಾಡುವ ಜಾಗ ಎರಡನೇ ಪುಟಕ್ಕೆ ಹೋಗಿ ಕೂತಿರುತ್ತದೆ.

ರಾಯಚೂರಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ನಾನು ವರ್ಡ್ ಕಲಿಸುತ್ತೇನೆ. ಕಲ್ಮಲ, ಗುಂಜಹಳ್ಳಿ ಕಡೆಯಿಂದ ಬಸ್ಸು ಹತ್ತಿ ಬರುವ ಹುಡುಗಿಯರೇ ಹೆಚ್ಚು. ಅವರಿಗೆ ಪತ್ರ ಬರೆಯುವುದು, ಟೇಬಲ್ ಹಾಕುವುದು ಎಲ್ಲ ಆದ ಮೇಲೆ ಕೊನೆಯ ಪಾಠವಾಗಿ ತುಂಬುವ ಫಾರ್ಮ್ ಮಾಡುವುದನ್ನು ಹೇಳಿಕೊಡುತ್ತೇನೆ. ವರ್ಡಿನಲ್ಲಿ ಡೆವಲಪರ್ ಎಂಬ ಒಂದು ಪಟ್ಟಿ ಇರುತ್ತದೆ. ಅದನ್ನು ಕಣ್ಣಿಗೆ ಕಾಣದ ಹಾಗೆ ಮುಚ್ಚಿಟ್ಟಿರುತ್ತಾರೆ, ನಾವೇ ಹುಡುಕಿ ತೆರೆದುಕೊಳ್ಳಬೇಕು. ತೆರೆದರೆ ಒಳಗೆ ಬರೆಯುವ ಖಾನೆ, ಗುರುತು ಹಾಕುವ ಚೌಕ, ತಾರೀಖು ಆರಿಸುವ ಕ್ಯಾಲೆಂಡರ್, ಒತ್ತಿದರೆ ಇಳಿದು ಬರುವ ಆಯ್ಕೆಗಳ ಪಟ್ಟಿ, ಎಲ್ಲ ಸಿಗುತ್ತವೆ. ಖಾನೆಗಳನ್ನು ಕೂರಿಸಿ, ಉಳಿದದ್ದಕ್ಕೆಲ್ಲ ಬೀಗ ಹಾಕಿಬಿಟ್ಟರೆ ತುಂಬುವವರು ಖಾನೆಯೊಳಗೆ ಮಾತ್ರ ಬರೆಯಬಹುದು. ಒಂದು ಚುಕ್ಕೆಯೂ ಜಿಗಿಯುವುದಿಲ್ಲ. ಹುಡುಗಿಯರಿಗೆ ಇದೆಲ್ಲ ಅಷ್ಟೇನೂ ದೊಡ್ಡದಾಗಿ ಕಾಣುವುದಿಲ್ಲ. ನನಗೆ ಮಾತ್ರ ಪ್ರತಿ ಸಲವೂ ಹೊಸದಾಗಿ ಖುಷಿಯಾಗುತ್ತದೆ.

ಈ ನನ್ನ ಹುಚ್ಚು ಊರಿಗೆಲ್ಲ ಗೊತ್ತಿದ್ದುದರಿಂದಲೇ ನಮ್ಮ ಸಮಾಜದ ಸಮಿತಿಯವರು ವಧು-ವರರ ಸಮಾವೇಶದ ಅರ್ಜಿ ಮಾಡುವ ಕೆಲಸ ನನ್ನ ಕೊರಳಿಗೆ ಕಟ್ಟಿದರು. ಸಮಿತಿಯ ಅಧ್ಯಕ್ಷರು ಒಬ್ಬ ಹಿರಿಯ ವಕೀಲರು. ಹಳೆಯ ಅರ್ಜಿಯ ಒಂದು ಪ್ರತಿ ತಂದು ನನ್ನ ಮೇಜಿನ ಮೇಲಿಟ್ಟರು. ಝೆರಾಕ್ಸಿನ ಝೆರಾಕ್ಸಿನ ಝೆರಾಕ್ಸು ಅದು. ಮೂಲೆಯಲ್ಲಿದ್ದ ದೇವರ ಚಿತ್ರ ಕಪ್ಪು ಮುದ್ದೆಯಾಗಿತ್ತು, "ನಕ್ಷತ್ರ" ಎಂಬುದು "ನಕತ್ರ" ಆಗಿ ಉಳಿದಿತ್ತು.

"ನೋಡವಾ ಯವ್ವಾ, ಈ ಸಲ ಎಲ್ಲಾರೂ ಮನ್ಯಾಗ ಕೂತು ಕಂಪ್ಯೂಟರಿನ್ಯಾಗ ತುಂಬಿ ಕಳಸೂ ಹಂಗ ಮಾಡು. ಕೈಬರಹ ಓದಿ ಓದಿ ನನ್ನ ಕಣ್ಣು ಹೋಗ್ಯಾವ" ಅಂದರು.

ಸಮಿತಿಯಿಂದ ನನ್ನ ಜೊತೆ ಕೂಡಲು ಬಂದವಳು ನನ್ನ ಸೋದರತ್ತೆ, ಅಪ್ಪನ ತಂಗಿ. ಮಾನ್ವಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಅಕ್ಕೋರು. ವಯಸ್ಸು ಐವತ್ತೈದು ದಾಟಿತ್ತು. ಮದುವೆಯಾದ ಕೆಲವೇ ವರ್ಷಕ್ಕೆ ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಆಮೇಲೆ ಅಪ್ಪ ಅವಳನ್ನು ಬಿ.ಎಡ್. ಓದಿಸಿದ್ದ, ಅವಳು ನೌಕರಿ ಹಿಡಿದಿದ್ದಳು, ಮಾನ್ವಿಯಲ್ಲಿ ಒಂದು ಸಣ್ಣ ಮನೆ ಮಾಡಿಕೊಂಡಿದ್ದಳು. ಅಲ್ಲಿಗೆ ಅವಳ ಕಥೆ ಮುಗಿಯಿತು ಎಂದು ನಾವೆಲ್ಲ ತಿಳಿದಿದ್ದೆವು. ಹಬ್ಬಕ್ಕೆ ಬರುತ್ತಾಳೆ, ನಮ್ಮ ಮಕ್ಕಳ ಪ್ರಬಂಧ ತಿದ್ದುತ್ತಾಳೆ, ಹೋಗುತ್ತಾಳೆ.

ಒಂದು ರವಿವಾರ ಮುಂಜಾನೆ ಮಾನ್ವಿ ಬಸ್ಸಿಗೆ ಬಂದಿಳಿದು, ನಮ್ಮ ಊಟದ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪಿನ ಎದುರು ಕನ್ನಡಕ ಏರಿಸಿ ಕೂತಳು. ನಾನು ಒಂದೊಂದೇ ಖಾನೆ ಹಾಕುತ್ತ ಹೋದೆ, ಅವಳು ಒಂದೊಂದಕ್ಕೂ ತಕರಾರು ತೆಗೆಯುತ್ತ ಹೋದಳು.

"ಬಣ್ಣ ಅಂತ ಯಾಕ ಹಾಕೀದಿ?"

"ಹಳೇದ್ರಾಗ ಅದ ಅತ್ತಿ. ಗೋಧಿ ಬಣ್ಣ, ಕೆಂಪು, ಸಾದಗಪ್ಪು, ಹಿಂಗ ಪಟ್ಟಿ ಮಾಡಂತ ಹೇಳ್ಯಾರ."

"ಗೋಡಿಗೆ ಹಚ್ಚೂದಿದ್ರ ಬಣ್ಣ ಕೇಳಬೇಕು. ತಗೀ ಅದನ್ನ."

ತೆಗೆದೆ. ಆಮೇಲೆ ಮದುವೆಯ ಸ್ಥಿತಿ ಎಂಬ ಖಾನೆ ಬಂತು. ಹಳೆಯದರಲ್ಲಿ ಹುಡುಗರಿಗೆ "ವಿಧುರ" ಎಂದು ಇತ್ತು, ಹುಡುಗಿಯರಿಗೆ ಏನೂ ಇರಲಿಲ್ಲ. ನಾನು ಬೆರಳು ಕೀಲಿಮಣೆಯ ಮೇಲಿಟ್ಟೆ. ಅಲ್ಲಿ ಬರೆಯಬೇಕಾದ ಶಬ್ದವನ್ನು ಅವಳೆದುರು ಟೈಪು ಮಾಡಲು ನನಗೆ ಮನಸ್ಸಾಗಲಿಲ್ಲ.

"ಎರಡ ಆಯ್ಕಿ ಇಡು" ಅಂದಳು ಕೊನೆಗೆ. "ಮೊದಲ ಮದುವೆ. ಮರುಮದುವೆ. ಯಾರು ಏನ ಕಳಕೊಂಡಾರ ಅನ್ನೂದು ಅರ್ಜ್ಯಾಗ ಬ್ಯಾಡ."

ವಯಸ್ಸಿಗೆ ಮಾತ್ರ ಸಮಿತಿಯದೇ ಹಟ. ಕೈಯಿಂದ ಬರೆಯಲು ಬಿಟ್ಟರೆ ಜನ "ಮೂವತ್ತರ ಒಳಗೆ" ಎಂದೆಲ್ಲ ಬರೆಯುತ್ತಾರೆ, ಪಟ್ಟಿಯಿಂದಲೇ ಆರಿಸುವ ಹಾಗಿರಲಿ ಎಂದಿದ್ದರು. ಎಲ್ಲಿಯವರೆಗೆ ಎಂದು ಕೇಳಿದಾಗ ಅಧ್ಯಕ್ಷರು ಫೋನಿನಲ್ಲೇ "ನಲವತ್ತೈದು ಸಾಕು ಬಿಡವಾ, ಆಮ್ಯಾಲ ಯಾರು ಬರ್ತಾರ" ಎಂದು ನಕ್ಕರು. ಹಾಗೆ ನಲವತ್ತೈದಕ್ಕೆ ನಿಲ್ಲಿಸಿದೆ. ಕೆಳಗೆ "ಅರ್ಜಿ ತುಂಬುವಾಗ ಏನಾದರೂ ತೊಂದರೆಯಾದರೆ" ಎಂದು ಅತ್ತೆಯ ಫೋನ್ ನಂಬರು ಹಾಕಿ, ಬೀಗ ಜಡಿದು, ಸಮಿತಿಯ ಗುಂಪಿಗೆ ಕಳಿಸಿದೆವು.

ಅರ್ಜಿಗಳು ಬರತೊಡಗಿದವು. ಎಷ್ಟೇ ಖಾನೆ ಮಾಡಿ ಬೀಗ ಹಾಕಿದರೂ ಮನುಷ್ಯ ತನ್ನ ದಾರಿ ತಾನು ಹುಡುಕಿಕೊಳ್ಳುತ್ತಾನೆ ಎಂದು ನನಗೆ ತಿಳಿದದ್ದು ಆಗಲೇ. "ಎತ್ತರ" ಎಂಬಲ್ಲಿ ಒಬ್ಬರು "ನಮ್ಮ ಬಾಗಿಲಿಗೆ ತಲಿ ಬಡಿಯಂಗಿಲ್ಲ" ಎಂದು ಬರೆದಿದ್ದರು. "ಇಲ್ಲಿ ಒತ್ತಿ ಬರೆಯಿರಿ" ಎಂದು ನಾನು ಖಾನೆಯೊಳಗೆ ತೆಳು ಅಕ್ಷರದಲ್ಲಿ ಇಟ್ಟಿದ್ದೆ. ಒಬ್ಬ ಹುಡುಗ ಅದರ ಕೆಳಗೆ "ಒತ್ತಿದೆ" ಎಂದು ಉತ್ತರ ಕೊಟ್ಟಿದ್ದ. ಒಬ್ಬ ತಾಯಿ ತನ್ನ ಮಗನ ಹವ್ಯಾಸದ ಖಾನೆಯಲ್ಲಿ ಅವನು ಹುಟ್ಟಿದಾಗಿನಿಂದ ಏನೇನು ತಿಂದ ಎಂಬುದನ್ನೆಲ್ಲ ತುಂಬಿಸಿದ್ದರಿಂದ ಒಂದೇ ಪುಟದ ಅರ್ಜಿ ನಾಲ್ಕು ಪುಟ ಆಗಿತ್ತು. ರವಿವಾರಕ್ಕೊಮ್ಮೆ ಅತ್ತೆ ಬರುತ್ತಿದ್ದಳು. ನಾವಿಬ್ಬರೂ ಅರ್ಜಿ ತೆರೆದು ತೆರೆದು ಓದುತ್ತ, ನಗುತ್ತ, ಹೊಟ್ಟೆ ಹಿಡಿದುಕೊಳ್ಳುತ್ತಿದ್ದೆವು. ನಡುನಡುವೆ ಅವಳು ಅಭ್ಯಾಸಬಲದಿಂದ ಕಾಗುಣಿತ ತಿದ್ದುತ್ತಿದ್ದಳು.

ಅಂಥ ಒಂದು ರವಿವಾರ ಅವಳಿಗೆ ಒಂದು ಫೋನು ಬಂತು. ಕೈಯಲ್ಲಿ ಚುರುಮುರಿಯ ಮಂಡಾಳ ಒಗ್ಗರಣೆ, ಮಿರ್ಚಿಭಜಿಯ ತಟ್ಟೆ ಇದ್ದುದರಿಂದ ಫೋನನ್ನು ಟೇಬಲ್ಲಿನ ಮೇಲಿಟ್ಟು ಸ್ಪೀಕರ್ ಹಾಕಿದಳು.

"ನಮಸ್ಕಾರ್ರೀ ಮೇಡಂ. ದೇವದುರ್ಗದಿಂದ ಮಾತಾಡಾಕತ್ತೀನಿ. ನಿಮ್ಮ ಫಾರ್ಮಿನ್ಯಾಗ ನಾ ಇಲ್ರಿ."

"ಅಂದ್ರ?"

"ವಯಸ್ಸಿನ ಪಟ್ಟಿ ಇಳಿಸಿ ಇಳಿಸಿ ನೋಡಿದೆ. ನಲವತ್ತೈದಕ್ಕ ನಿಂತುಬಿಡ್ತದ. ನನಗ ಅರವತ್ತೊಂದು."

ಅತ್ತೆ ನನ್ನ ಮುಖ ನೋಡಿದಳು. ನಾನು ನಗು ತಡೆಯಲು ಬಾಯಿಗೆ ಮಿರ್ಚಿ ತುರುಕಿಕೊಂಡೆ.

"ಯಾರಿಗೆ ತುಂಬಾಕತ್ತೀರಿ? ಮಗನಿಗೋ, ಮಗಳಿಗೋ?" ಎಂದು ಕೇಳಿದಳು ಅತ್ತೆ.

"ನನಗರೀ."

ಆಮೇಲೆ ಆ ಕಡೆಯ ದನಿಯೇ ಮುಂದುವರಿಸಿತು. ತಾನು ಪಶು ಇಲಾಖೆಯಲ್ಲಿ ದನಗಳ ಇನ್‌ಸ್ಪೆಕ್ಟರ್ ಆಗಿದ್ದೆ, ಹೋದ ವರ್ಷ ನಿವೃತ್ತನಾದೆ, ಹೆಂಡತಿ ತೀರಿಕೊಂಡು ಬಹಳ ವರ್ಷವಾಯಿತು, ರಾಯಚೂರಿಗೆ ಕೊಟ್ಟ ಮಗಳೇ ಈ ಫಾರ್ಮ್ ತುಂಬು ಎಂದು ಗಂಟುಬಿದ್ದಿದ್ದಾಳೆ, ಹಳೆಯ ಕಂಪ್ಯೂಟರೂ ಅವಳೇ ಕೊಟ್ಟು ಹೋಗಿದ್ದಾಳೆ ಎಂದೆಲ್ಲ ಹೇಳಿದರು. "ದನ ಆದ್ರ ಬಾಯಿ ತಗದು ಹಲ್ಲು ನೋಡಿ ವಯಸ್ಸು ಬರಕೋತಿದ್ವಿ ಮೇಡಂ. ಮನುಷ್ಯಾರಿಗೆ ಪಟ್ಟಿ ಮಾಡಿದವರು ಯಾರ್ರಿ?"

"ನಾ ಅಲ್ರಿ. ನಮ್ಮ ಸೊಸಿ ಮಾಡ್ಯಾಳ. ಇಲ್ಲೇ ಕೂತಾಳ, ಮಿರ್ಚಿ ತಿನ್ನಾಕತ್ತಾಳ" ಎಂದು ಅತ್ತೆ ನನ್ನನ್ನು ಹಿಡಿದುಕೊಟ್ಟಳು.

ಫೋನು ಇಟ್ಟ ಮೇಲೆ ಅಧ್ಯಕ್ಷರನ್ನೂ ಕೇಳದೆ ಬೀಗ ತೆಗೆದು, ವಯಸ್ಸಿನ ಪಟ್ಟಿ ಕಿತ್ತು ಹಾಕಿದೆ. ಅದರ ಬದಲು ಹುಟ್ಟಿದ ತಾರೀಖಿಗೆ ಕ್ಯಾಲೆಂಡರ್ ಖಾನೆ ಇಟ್ಟು ಹೊಸ ಅರ್ಜಿ ಕಳಿಸಿದೆ. ಬಲು ಜಾಣತನ ಮಾಡಿದೆ ಎಂದುಕೊಂಡಿದ್ದೆ. ಮುಂದಿನ ವಾರ ಮತ್ತೆ ಅದೇ ಫೋನು.

"ಮೇಡಂ, ಈ ಕ್ಯಾಲೆಂಡರ್ ಒಂದೊಂದ ತಿಂಗಳ ಹಿಂದಕ್ಕ ಹೋಗ್ತದರಿ. ಮುಂಜಾನಿಂದ ಒತ್ತಾಕತ್ತೀನಿ. ರಿಟೈರ್ ಆದದ್ದು ದಾಟಿದೆ, ಮಗಳ ಮದುವಿ ದಾಟಿದೆ, ನನ್ನ ಮದುವಿ ದಾಟಿದೆ, ನೌಕರಿ ಹತ್ತಿದ್ದೂ ದಾಟಿದೆ. ಎಸ್ಸೆಸ್ಸೆಲ್ಸಿ ಗಣಿತದಾಗ ಫೇಲಾದ ತಿಂಗಳಕ್ಕ ಬಂದು ನಿಂತೀನಿ. ಇನ್ನೂ ನಾ ಹುಟ್ಟಿಲ್ರಿ."

ಅತ್ತೆ ನಕ್ಕಳು. ನಮ್ಮ ಮನೆಯಲ್ಲಿ ಅವಳು ನಗುವುದು ಹೊಸದೇನಲ್ಲ, ಆದರೆ ಆ ನಗು ಬೇರೆ ಇತ್ತು. ಸೆರಗು ಬಾಯಿಗೆ ಹಿಡಿದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಕೊನೆಗೆ ನಾನೇ ಫೋನು ಇಸಿದುಕೊಂಡು, "ಕ್ಯಾಲೆಂಡರ್ ಒತ್ತೂದು ಬಿಡ್ರಿ ಸರ್, ಖಾನಿ ಒಳಗ ತಾರೀಖು ಸೀದಾ ಟೈಪ್ ಮಾಡಿದ್ರೂ ತಗೋತದ" ಅಂದೆ.

"ಹಂಗ ಮೊದಲ ಹೇಳಬಾರದೇನವಾ? ನನ್ನ ಇಡೀ ಆಯುಷ್ಯ ಒತ್ತಿಸಿಬಿಟ್ಟಿ."

ಆಮೇಲೆ ದೇವದುರ್ಗದ ಸಮಸ್ಯೆಗಳು ನಮ್ಮ ಮನೆಗೆ ಬರುವುದು ನಿಂತಿತು. ನೇರ ಮಾನ್ವಿಗೇ ಹೋಗುತ್ತಿದ್ದವು. ಅರ್ಜಿಯಲ್ಲಿ ಇದ್ದ ಖಾನೆಗಳೇ ಹದಿನೈದಿಪ್ಪತ್ತು. ಅದರ ಬಗ್ಗೆ ಅಷ್ಟೊಂದು ದಿನ ಏನು ಸಂಶಯ ಇರುತ್ತದೆ ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಅತ್ತೆ ಮಾತ್ರ ಫೋನ್ ಮಾಡಿದಾಗಲೆಲ್ಲ ವರ್ಡಿನ ಬಗ್ಗೆ ಬಹಳ ಆಸ್ಥೆಯಿಂದ ಕೇಳುತ್ತಿದ್ದಳು. ಖಾನೆಯೊಳಗೆ ಸಾಲು ಮುರಿಯುವುದು ಹೇಗೆ? ತುಂಬಿದ ಮೇಲೆ ಉಳಿಸಿಡುವುದು ಹೇಗೆ? ಒಂದು ಸಲ, "ಅವರು ನಿರೀಕ್ಷೆಗಳು ಅನ್ನೂ ಖಾನಿ ಖಾಲಿ ಬಿಟ್ಟಾರ. ಖಾಲಿ ಬಿಟ್ರ ಅರ್ಜಿ ತಗೋತದೇನು?" ಅಂದಳು.

"ತಗೋತದ ಅತ್ತಿ. ಅದೇನು ಕಡ್ಡಾಯ ಇಲ್ಲ."

"ಇಲ್ಲ, ಖಾಲಿ ಬಿಡಬಾರದು. ನಾ ಬರೀರಿ ಅಂತ ಹೇಳ್ತೀನಿ" ಎಂದು ಫೋನ್ ಇಟ್ಟಳು.

ಸಮಾವೇಶ ರಾಯಚೂರಿನ ಒಂದು ಕಲ್ಯಾಣ ಮಂಟಪದಲ್ಲಿ ನಡೆಯಿತು. ಬಾಗಿಲ ಬಳಿ ಲ್ಯಾಪ್‌ಟಾಪು, ಪ್ರಿಂಟರು ಇಟ್ಟುಕೊಂಡು ನಾನು ಕೂತಿದ್ದೆ. ವೇದಿಕೆಯ ಮೇಲೆ ಅರ್ಜಿಗಳನ್ನು ಓದುವ ಕೆಲಸ ಅತ್ತೆಯದು, ಅವಳ ದನಿ ಮೈಕು ಇಲ್ಲದೆಯೂ ಕೊನೆಯ ಬೆಂಚು ಮುಟ್ಟುತ್ತದೆ. ಹತ್ತು ಗಂಟೆಯ ಸುಮಾರಿಗೆ ಬಿಳಿ ಅರ್ಧ ತೋಳಿನ ಅಂಗಿ ಹಾಕಿದ, ಎತ್ತರದ, ಸ್ವಲ್ಪ ಬಾಗಿದ ಹಿರಿಯರೊಬ್ಬರು ಮಗಳ ಜೊತೆ ಬಂದು ನನ್ನ ಮೇಜಿನ ಎದುರು ನಿಂತರು.

"ಮಿರ್ಚಿ ತಿನ್ನೂ ಸೊಸಿ ನೀವೇ ಏನ್ರಿ?"

ದನಿ ಕೇಳಿದ ಕೂಡಲೇ ಗುರುತು ಸಿಕ್ಕಿತು. ಅವರ ಕಣ್ಣು ಮಾತ್ರ ನನ್ನ ಮೇಲೆ ಬಹಳ ಹೊತ್ತು ನಿಲ್ಲಲಿಲ್ಲ. ವೇದಿಕೆಯ ಕಡೆ ನೋಡಿ, "ಅವರೇ ಏನ್ರಿ ಫೋನಿನ ಮೇಡಂ?" ಅಂದರು. ಹೌದೆಂದೆ. ತಲೆಗೂದಲು ಒಮ್ಮೆ ಸವರಿಕೊಂಡು ಹಿಂದಿನ ಸಾಲಿನಲ್ಲಿ ಹೋಗಿ ಕೂತರು.

ಅರ್ಜಿಗಳ ಓದು ಸಾಗಿತು. ಇಂಜಿನಿಯರು, ಅರ್ಚಕರು, ಶಿಕ್ಷಕಿ, ಲ್ಯಾಬ್ ಟೆಕ್ನಿಷಿಯನ್ನು. ದೇವದುರ್ಗದ ಅರ್ಜಿ ಬಂದಾಗ ಅಧ್ಯಕ್ಷರು ಪಕ್ಕಕ್ಕೆ ಬಾಗಿ ಮೆಲ್ಲಗೆ, "ಅದೊಂದು ಬಿಡ್ರಿ ಅಕ್ಕೋರ, ಹುಡುಗ್ರು ನಗ್ತಾರ" ಅಂದರು. ಮೆಲ್ಲಗೆ ಅಂದಿದ್ದರೂ ಮೈಕು ಮುಂದೆಯೇ ಇತ್ತು, ಎಲ್ಲರಿಗೂ ಕೇಳಿಸಿತು.

ಅತ್ತೆ ಹಾಳೆ ಕೆಳಗಿಡಲಿಲ್ಲ. "ತುಂಬ್ಯಾರ, ಕಳಿಸ್ಯಾರ, ಬಂದು ಕೂತಾರ. ಓದಬೇಕು" ಎಂದಳು. ಓದಿದಳು. ಹೆಸರು, ಗೋತ್ರ, ಊರು, ಹುಟ್ಟಿದ ತಾರೀಖು. ಹುಟ್ಟಿದ ಇಸವಿ ಓದಿದಾಗ ಹಿಂದಿನಿಂದ ಕಿಸಕ್ಕನೆ ನಗು ಬಂತು. ಅವಳು ನಿಲ್ಲಿಸಿದಳು. ತರಗತಿಯಲ್ಲಿ ಹೇಗೆ ನಿಲ್ಲಿಸುತ್ತಾಳೋ ಹಾಗೆ, ನಗು ತಾನಾಗಿ ಸಾಯುವವರೆಗೆ ಕಾದು, ಕೊನೆಯ ಖಾನೆಗೆ ಬಂದಳು.

"ನಿರೀಕ್ಷೆಗಳು: ಮುಂಜಾನಿ ಚಹಾ ನಾನೇ ಮಾಡ್ತೀನಿ. ಎದುರಿಗೆ ಕೂತು ಕುಡಿಯಾಕ ಒಬ್ಬರು ಬೇಕು."

ಮಾತು ಮಾತಿಗೆ ಶುದ್ಧ ಕನ್ನಡಕ್ಕೆ ತಿದ್ದುವ ನನ್ನ ಅತ್ತೆ ಅದರ ಒಂದಕ್ಷರವನ್ನೂ ತಿದ್ದಲಿಲ್ಲ. ಅವರು ಬರೆದ ಹಾಗೆಯೇ ಓದಿದಳು. ದೇವದುರ್ಗದವರು ಎದ್ದು ನಿಂತು ಕೈಮುಗಿದು, "ನಗ್ರಿ, ನಗ್ರಿ, ಬ್ಯಾಡ ಅನ್ನಂಗಿಲ್ಲ. ನಿಮ್ಮ ವಯಸ್ಸಿನ್ಯಾಗ ನಾನೂ ಹಿಂಗ ನಕ್ಕಿರ್ತಿದ್ದೆ" ಎಂದು ಹೇಳಿ ಕೂತರು. ಆಗ ಎಲ್ಲರೂ ನಕ್ಕರು, ಅವರೂ ನಕ್ಕರು.

ಅವರ ಅರ್ಜಿಗೆ ಯಾರೂ ಬರಲಿಲ್ಲ. ಊಟದ ಹೊತ್ತಿಗೆ ಮಗಳ ಜೊತೆ ಪಂಕ್ತಿಯಲ್ಲಿ ಕೂತು ಹೋಳಿಗೆ ಉಂಡು, ಅತ್ತೆಗೆ ದೂರದಿಂದಲೇ ನಮಸ್ಕಾರ ಮಾಡಿ ಹೊರಟುಹೋದರು. ಅತ್ತೆಯೂ ನಮಸ್ಕಾರ ಮಾಡಿದಳು. ಅಷ್ಟೇ.

ಸಂಜೆ ಸಾಮಾನು ಕಟ್ಟಿಕೊಂಡು ಇಬ್ಬರೂ ಮನೆಗೆ ಬಂದೆವು. ಅವಳು ಸೀರೆ ಬದಲಿಸಲಿಲ್ಲ, ಮುಖ ತೊಳೆಯಲಿಲ್ಲ. ಸೀದಾ ಟೇಬಲ್ಲಿಗೆ ಬಂದು ಕೂತು, "ಆ ಲ್ಯಾಪ್‌ಟಾಪ್ ತಗೀ. ಖಾಲಿ ಫಾರ್ಮ್ ಒಂದು ತಗೀ" ಅಂದಳು.

"ಯಾರಿಗೆ ಅತ್ತಿ? ಸಮಾವೇಶ ಮುಗೀತಲ್ಲ."

"ನನಗ."

ನಾನು ತಮಾಷೆ ಎಂದುಕೊಂಡು ಅವಳ ಮುಖ ನೋಡಿದೆ. ತಮಾಷೆ ಇರಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದಳು. ನಾನು ಫಾರ್ಮ್ ತೆರೆದೆ.

ಅವಳು ಹೇಳುತ್ತ ಹೋದಳು, ನಾನು ತುಂಬುತ್ತ ಹೋದೆ. ಹೆಸರು, ಹುಟ್ಟಿದ ತಾರೀಖು, ಓದು, ಉದ್ಯೋಗ. ಇಷ್ಟು ವರ್ಷ ನಮ್ಮ ಮನೆಗೆ ಬಂದು ಹೋಗುವ ಹೆಂಗಸಿನ ನಕ್ಷತ್ರ ನನಗೆ ಗೊತ್ತಿರಲಿಲ್ಲ. ಹವ್ಯಾಸ ಏನೆಂದು ಕೇಳಿದರೆ "ಈಜು" ಅಂದಳು. ನನ್ನ ಬೆರಳು ನಿಂತಿತು. ಚಿಕ್ಕವಳಿದ್ದಾಗ ಬಾವಿಯಲ್ಲಿ ಅಣ್ಣನಿಗಿಂತ ಚೆನ್ನಾಗಿ ಈಜುತ್ತಿದ್ದಳಂತೆ. ಮದುವೆಯ ಮುಂಚೆ ಬಿಡಿಸಿದ್ದರು. ಅವಳಿಗೆ ಏನು ಇಷ್ಟ, ಏನು ಬೇಕು ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಿರಲೇ ಇಲ್ಲ. ಕೇಳುವುದು ಇದೆ ಎಂದೇ ನಮಗೆ ಅನಿಸಿರಲಿಲ್ಲ.

ಕೊನೆಯ ಖಾನೆಗೆ ಬಂದೆವು. "ನಿರೀಕ್ಷೆಗಳು?" ಎಂದೆ.

ಕಿಟಕಿಯ ಹೊರಗೆ ನೋಡಿದಳು. ರಸ್ತೆಯಲ್ಲಿ ಆಟೋದವನೊಬ್ಬ ಸ್ಟೇಷನ್ ಸ್ಟೇಷನ್ ಎಂದು ಕೂಗುತ್ತಿದ್ದ.

"ಬರಕೋ. ನಿವೃತ್ತಿ ತನಕ ಮಾನ್ವಿ ಬಿಟ್ಟು ಬರೂದಿಲ್ಲ. ನನ್ನ ಪುಸ್ತಕದ ಕಪಾಟು ಎಲ್ಲಿ ಇರ್ತದೋ ಅಲ್ಲಿ ನಾ. ನಾ ಪೇಪರ್ ತಿದ್ದೂ ಮುಂದ ಮಾತಾಡಿಸಬಾರದು. ಉಳಿದ ಹೊತ್ತಿನ್ಯಾಗ ಎಷ್ಟು ಮಾತಾಡಿದ್ರೂ ನಡೀತದ. ಅಡಿಗಿ ಇಬ್ಬರೂ ಮಾಡಬೇಕು." ಖಾನೆ ಬೆಳೆಯುತ್ತ ಹೋಯಿತು. ಕೊನೆಗೆ ಅವಳೇ ತಡೆದು, "ಸಾಕು. ಚಹಾಕ್ಕ ಸಕ್ಕರಿ ಕಮ್ಮಿ ಅಂತ ಒಂದು ಹಾಕು" ಎಂದಳು.

"ಸಮಿತಿಗೆ ಕಳಿಸ್ಲೇನು?"

"ಸಮಿತಿಗೆ ಯಾಕ? ದೇವದುರ್ಗಕ್ಕ ಕಳಸು."

ಕಳಿಸಿದೆ. ಆ ಕಡೆಯಿಂದ ಫೋನು ಬರುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಈ ಸಲ ಅವಳು ಸ್ಪೀಕರ್ ಹಾಕಲಿಲ್ಲ. ಫೋನು ತೆಗೆದುಕೊಂಡು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡಳು. ನಾನು ಅಡುಗೆಮನೆಯಲ್ಲಿ ಇಲ್ಲದ ಕೆಲಸ ಹುಡುಕಿಕೊಂಡು ನಿಂತೆ.

ಅಪ್ಪನಿಗೆ ಹೇಳುವುದು ಉಳಿದಿತ್ತು. ಅದು ನನ್ನ ಪಾಲಿಗೆ ಬಂತು. ಅಪ್ಪ ಕೇಳಿ ಬೈಯಲಿಲ್ಲ, ಬೇಡವೆನ್ನಲಿಲ್ಲ, ಪೇಪರು ಎತ್ತಿ ಮುಖದ ಮುಂದೆ ಹಿಡಿದ. ಆ ಪೇಪರನ್ನು ಮುಂಜಾನೆಯೇ ಓದಿ ಮುಗಿಸಿದ್ದ.

"ಈ ವಯಸ್ಸಿನ್ಯಾಗ ಆಕಿಗೆ ಏನು ಕಡಿಮಿ ಆಗೇದ?" ಎಂದು ಪೇಪರಿನ ಹಿಂದಿನಿಂದ ಕೇಳಿದ.

"ಆಕೀನ ಕೇಳು ಅಪ್ಪಾ. ನಾ ಹ್ಯಾಂಗ ಹೇಳಲಿ?"

"ಜನ ಏನಂತಾರ?"

"ಅವರ ಅರ್ಜಿ ಓದಿದಾಗ ಜನ ನಕ್ಕರು. ಒಂದೇ ನಿಮಿಷ. ಆಮ್ಯಾಲ ಹೋಳಿಗಿ ಉಂಡರು."

ಅಪ್ಪ ಕೆಲವು ದಿನ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಒಂದು ಮುಂಜಾನೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಎಲ್ಲಿಗೆ ಎಂದು ಹೇಳದೆ ಮನೆ ಬಿಟ್ಟ. ಸಂಜೆ ಹೊತ್ತಿಗೆ ಬಂದು ಚಪ್ಪಲಿ ಬಿಡುತ್ತ ತಾನಾಗಿಯೇ ಹೇಳಿದ, "ದೇವದುರ್ಗಕ್ಕ ಹೋಗಿದ್ದೆ."

ಅಮ್ಮ ನೀರು ತಂದುಕೊಟ್ಟಳು. ಅಪ್ಪ ಕುಡಿದು, ಮೀಸೆ ಒರೆಸಿಕೊಂಡು, ಬಹಳ ಗಂಭೀರವಾಗಿ ವರದಿ ಒಪ್ಪಿಸಿದ. "ಮನಿ ಸ್ವಚ್ಛ ಅದ. ಮನುಷ್ಯಾ ಭಾಳ ಮಾತಾಡ್ತಾನ. ಅವರ ಮನ್ಯಾಗ ಇರೂ ಒಂದ ಒಳ್ಳೆ ಕುರ್ಚಿ ಮ್ಯಾಲ ಬೆಕ್ಕು ಮಲಗಿತ್ತು. ನಾ ಇಷ್ಟು ದೂರದಿಂದ ಹೋದಾಂವ, ಹೆಣ್ಣಿನ ಅಣ್ಣ. ಬೆಕ್ಕು ಎಬ್ಬಸ್ಲಾರದ ನನಗ ಸ್ಟೂಲ್ ಕೊಟ್ಟಾನ."

ಅಪ್ಪನಿಗೆ ಸಣ್ಣಪುಟ್ಟ ಮರ್ಯಾದೆಯ ವಿಷಯದಲ್ಲಿ ಸಿಟ್ಟು ಜಾಸ್ತಿ.

"ಬೆಕ್ಕಿನ ನಿದ್ದಿ ಕೆಡಸಲಾರದ ಮನುಷ್ಯಾ" ಎಂದ ಅಪ್ಪ, "ನನ್ನ ತಂಗೀನ ಏನು ಗೋಳು ಹೊಯ್ಕೋತಾನ? ಆಗ್ಲಿ ಬಿಡ್ರಿ."

ಮದುವೆ ಮಾನ್ವಿಯಲ್ಲೇ ಒಂದು ಗುಡಿಯಲ್ಲಿ, ಎರಡು ಮನೆಯವರು ಮಾತ್ರ ಕೂಡಿ ಆಯಿತು. ಅತ್ತೆಯ ಶಾಲೆಯ ಸಹೋದ್ಯೋಗಿಗಳು ಕರೆಯದಿದ್ದರೂ ಬಂದರು. ಅವಳ ತರಗತಿಯ ಹುಡುಗಿಯರು ಗುಡಿಯ ಗೇಟಿನ ಹೊರಗೆ ಸಾಲಾಗಿ ನಿಂತು ಇಣುಕುತ್ತಿದ್ದುದನ್ನು ನೋಡಿ ಅವಳೇ ಒಳಗೆ ಕರೆದು ಸಕ್ಕರೆ ಕೊಟ್ಟಳು. ಸಮಿತಿಯಲ್ಲಿ ಒಬ್ಬಿಬ್ಬರು ಗೊಣಗಿದರಂತೆ, ಅಕ್ಕೋರು ಸಮಿತಿಯಲ್ಲಿದ್ದುಕೊಂಡು ತಾವೇ ಹೀಗೆ ಮಾಡಬಹುದೇ ಎಂದು. ಅಧ್ಯಕ್ಷರು ಮಾತ್ರ ಅಕ್ಷತೆ ಹಾಕಲು ಬಂದು, ನನ್ನನ್ನು ಪಕ್ಕಕ್ಕೆ ಕರೆದು, "ನಮ್ಮ ಇಡೀ ಸಮಾವೇಶದಾಗ ಕೂಡಿಬಂದದ್ದು ಇದೊಂದ ನೋಡವಾ. ವರದ್ಯಾಗ ಹಾಕಿಕೊಳ್ಳಲೇನು?" ಎಂದು ಕೇಳಿದರು. ಅತ್ತೆಯನ್ನೇ ಕೇಳ್ರಿ ಅಂದೆ. ಅವರಿಗೆ ಧೈರ್ಯ ಬರಲಿಲ್ಲ.

ಈಗ ಇಬ್ಬರೂ ಮಾನ್ವಿಯಲ್ಲಿದ್ದಾರೆ. ಅವಳು ಶಾಲೆಗೆ ಹೋದಾಗ ಮಾಮಾ ಓಣಿಯ ಎಮ್ಮೆ, ಆಕಳು, ನಾಯಿಗಳ ಯೋಗಕ್ಷೇಮ ವಿಚಾರಿಸುತ್ತಾರೆ. ಅವರನ್ನು ಮಾಮಾ ಎಂದು ಕರೆಯುವುದು ಮೊದಮೊದಲು ನಾಲಿಗೆಗೆ ತೊಡಕಾಗುತ್ತಿತ್ತು, ಈಗ ರೂಢಿಯಾಗಿದೆ. ಜಗಳವೂ ಆಗುತ್ತದೆ. ಪಲ್ಯಕ್ಕೆ ಕಸೂರಿಮೇಥಿ ಹಾಕಬೇಕೋ ಬೇಡವೋ ಎಂಬುದರ ಮೇಲೆ ಇಬ್ಬರೂ ಒಂದಿಡೀ ದಿನ ಮಾತು ಬಿಟ್ಟಿದ್ದರಂತೆ. ಅದನ್ನು ಇಬ್ಬರೂ ಬೇರೆ ಬೇರೆಯಾಗಿ ನನಗೆ ಫೋನ್ ಮಾಡಿ ದೂರಿದರು, ಇಬ್ಬರ ದನಿಯಲ್ಲೂ ಹೆಮ್ಮೆ ಇತ್ತು.

ಮೊನ್ನೆ ರವಿವಾರ ಹೇಳದೆ ಕೇಳದೆ ಮಾನ್ವಿಗೆ ಹೋದೆ. ಮನೆಗೆ ಕೀಲಿ ಹಾಕಿತ್ತು. ಪಕ್ಕದ ಮನೆಯ ಯವ್ವ ಕಟ್ಟೆಯ ಮೇಲೆ ಕೂತು ಸಜ್ಜೆ ಹಸನು ಮಾಡುತ್ತಿದ್ದಳು. "ಮುಂಜಾನೆ ಬಸ್ಸಿಗೆ ಹೋದ್ರವಾ ಇಬ್ಬರೂ. ಎಲ್ಲಿಗೆ ಅಂತ ನನಗ ಹೇಳಿಲ್ಲ" ಅಂದಳು. ಫೋನ್ ಮಾಡಿದೆ. ಆ ಕಡೆ ಗದ್ದಲವೋ ಗದ್ದಲ.

"ಅತ್ತಿ, ಎಲ್ಲಿದ್ದೀರಿ? ನಾ ನಿಮ್ಮ ಮನಿ ಮುಂದ ನಿಂತೀನಿ."

"ಅಯ್ಯ ಯವ್ವಾ, ನಾವು ನಿಮ್ಮ ರಾಯಚೂರಾಗ ಅದೀವಿ. ಸಿನಿಮಾಕ್ಕ ಬಂದೀವಿ. ಇವರು ಟಿಕೀಟ್ ತರಾಕ ಹೋಗ್ಯಾರ. ಇಡ್ಲಾ? ಶುರು ಆಗ್ತದ" ಎಂದು ಇಟ್ಟೇಬಿಟ್ಟಳು.

ಯವ್ವ ನನ್ನ ಮುಖ ನೋಡಿ, ಏನೂ ಕೇಳದೆ ಒಳಗೆ ಹೋಗಿ ಬಿಸಿ ರೊಟ್ಟಿ, ಪುಂಡಿಸೊಪ್ಪಿನ ಪಲ್ಯ ತಂದುಕೊಟ್ಟಳು. ಕಟ್ಟೆಯ ಮೇಲೆ ಕೂತು ಉಂಡೆ. ಪುಂಡಿಪಲ್ಯ ಬಹಳ ಚೆನ್ನಾಗಿತ್ತು. ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡು, ರಾಯಚೂರಿಗೆ ವಾಪಸು ಬಸ್ಸು ಎಷ್ಟು ಗಂಟೆಗೆ ಎಂದು ವಿಚಾರಿಸಿದೆ.